ಕಪಾಟಿನ ಬಾಗಿಲ ಹಿಂದೆ ಹದಿನೈದು ಸೀಸೆ

ಹೋದ ಸಂಚಿಕೆಯಲ್ಲಿ ಹಪ್ಪಳದ ಹಿಟ್ಟಿನ ಬಗ್ಗೆ ಬರೆಯುವಾಗ ಮಾತಿಗೆ ಮಾತು ಬಂತೆಂದು ಒಂದು ಸಾಲು ಸೇರಿಸಿದ್ದೆ. ನಮ್ಮ ಮನೆಯಲ್ಲಿ ಜೀರಿಗೆ ಸಾಸಿವೆಯ ಸೀಸೆಗಳೆಲ್ಲ ಕಪಾಟಿನ ಬಾಗಿಲ ಒಳಮೈಯಲ್ಲಿ ಕೂತಿವೆ, ಅದನ್ನು ಮಾಡಿದ್ದು ನಾನೇ ಅಂತ. ಹಪ್ಪಳದ ವಿಷಯ ಯಾರೂ ಕೇಳಲಿಲ್ಲ ನೋಡಿ. ಕಾಗದ ಬರೆದವರೆಲ್ಲ ಕೇಳಿದ್ದು ಆ ಬಾಗಿಲಿನ ಕಥೆಯನ್ನೇ. "ಅಳತೆ ಬರೆಯಿರಿ", "ಬಡಗಿ ಇಲ್ಲದೆ ಆಗುತ್ತದೆಯೇ?", "ಬಾಡಿಗೆ ಮನೆಯವರು ಏನು ಮಾಡಬೇಕು?" ಹೀಗೆ. ಅಳತೆ ಬರೆಯುತ್ತೇನೆ, ಅದಕ್ಕೇನಂತೆ. ಆದರೆ ಅದನ್ನು ಯಾಕೆ ಮಾಡಬೇಕಾಯಿತು ಅಂತ ಹೇಳದೆ ಬರೀ ಅಳತೆ ಹೇಳಿದರೆ ನಿಮಗೆ ಅರ್ಧವೇ ಹೇಳಿದ ಹಾಗಾಗುತ್ತದೆ.

ನಮ್ಮದು ಸಕಲೇಶಪುರ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಕಳೆದರೂ ಬಿಟ್ಟೂ ಬಿಡದೆ ಸುರಿಯುವ ಊರು. ಇಲ್ಲಿ ಉಪ್ಪು ಅಳುತ್ತೆ, ಹಿಂಗು ಅಂಟುತ್ತೆ, ಮೆಣಸಿನಪುಡಿ ಗಂಟು ಕಟ್ಟುತ್ತೆ. ಹಳೆಯ ಅಡಿಗೆಮನೆಯಲ್ಲಿ ಗೋಡೆಯೊಳಗೆ ಗೂಡುಗಳಿದ್ದವು, ಒಲೆಯ ಶಾಖಕ್ಕೆ ಅವು ಯಾವಾಗಲೂ ಬೆಚ್ಚಗೆ ಒಣಗಿರುತ್ತಿದ್ದವು. ನಮ್ಮತ್ತೆ ಹದಿನೇಳನೇ ವಯಸ್ಸಿನಲ್ಲಿ ಈ ಮನೆಗೆ ಬಂದವರು. ಯಾವ ಗೂಡಿನಲ್ಲಿ ಏನಿದೆ ಎಂದು ಅವರ ಕೈಗೇ ಗೊತ್ತಿತ್ತು, ಕಣ್ಣಿನ ಹಂಗಿರಲಿಲ್ಲ.

2022ರಲ್ಲಿ ಅಡಿಗೆಮನೆ ಒಡೆದು ಹೊಸದು ಮಾಡಿಸಿದೆವು. ಬಾಗಿಲಿರುವ ಕಪಾಟುಗಳು, ಕಪ್ಪು ಕಲ್ಲಿನ ಕಟ್ಟೆ, ಮೇಲೆ ಕೆಳಗೆ ಎಲ್ಲ ಒಂದೇ ಬಣ್ಣದ ಸನ್ಮೈಕ. ನನಗೋ ಸಂಭ್ರಮ. ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ನನ್ನ ಇಷ್ಟದ ಅಡಿಗೆಮನೆ ಬಂತಲ್ಲ ಅಂತ. ಜಾತ್ರೆಯಲ್ಲಿ ಒಂದೇ ಅಚ್ಚಿನ ಎರಡು ಡಜನ್ ಗಾಜಿನ ಸೀಸೆ ತಂದೆ. ಒಂದೇ ಮುಚ್ಚಳ, ಒಂದೇ ಎತ್ತರ. ಮಗಳು ಚಂದವಾಗಿ ಹೆಸರು ಬರೆದು ಚೀಟಿ ಅಂಟಿಸಿದಳು. ಸಾಲಾಗಿ ಜೋಡಿಸಿ ಬಾಗಿಲು ತೆರೆದರೆ ಅಂಗಡಿ ಇದ್ದ ಹಾಗಿತ್ತು. ನೋಡಿದವರೆಲ್ಲ ಹೊಗಳಿದರು. ಅತ್ತೆ ಮಾತ್ರ ಏನೂ ಹೇಳಲಿಲ್ಲ. ಹೇಳದೆ ಇದ್ದಾಗಲೇ ನನಗೆ ತಿಳಿಯಬೇಕಿತ್ತು.

ಅತ್ತೆಗೆ ಗ್ಲಾಕೋಮಾ. ಪೊರೆಯಲ್ಲ ಇದು, ಆಪರೇಷನ್ ಮಾಡಿ ತೆಗೆದರೆ ದೃಷ್ಟಿ ಬರುವುದಕ್ಕೆ. ಕಣ್ಣಿನೊಳಗಿನ ಒತ್ತಡ ನರವನ್ನು ತಿನ್ನುತ್ತಾ ಬರುತ್ತದಂತೆ. ಮೊದಲು ಅಕ್ಕಪಕ್ಕದ ನೋಟ ಹೋಗುತ್ತೆ, ನಡುವಿನದು ಕೊನೆಗೆ. ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ದಿನವೂ ತಪ್ಪದೆ ಹನಿ ಹಾಕಬೇಕು. ಅದಕ್ಕೇ ಅತ್ತೆ ಎದುರಿಗಿರುವ ನನ್ನ ಮುಖ ನೋಡುತ್ತಾರೆ, ಪಕ್ಕದಲ್ಲಿರುವ ಲೋಟ ಒದ್ದು ಬೀಳಿಸುತ್ತಾರೆ. ನಾವು ಎಷ್ಟೋ ದಿನ "ವಯಸ್ಸಾಯ್ತು, ಗಮನ ಇಲ್ಲ" ಅಂದುಕೊಂಡೇ ಇದ್ದೆವು. (ತಂದೆತಾಯಿಗೆ ಈ ಕಾಯಿಲೆ ಇದ್ದರೆ ಮಕ್ಕಳಿಗೂ ಬರುವ ಸಂಭವ ಜಾಸ್ತಿ. ನಮ್ಮ ಯಜಮಾನರನ್ನು ನಾನು ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತೇನೆ. ನಿಮ್ಮ ಮನೆಯಲ್ಲೂ ಹೀಗಿದ್ದರೆ ನೀವೂ ಎಳೆದುಕೊಂಡು ಹೋಗಿ.)

ಇನ್ನು ಆ ದಿನದ ವಿಷಯ. ಬೇಗ ಹೇಳಿ ಮುಗಿಸುತ್ತೇನೆ, ನೆನೆದರೆ ಈಗಲೂ ಕೈ ತಣ್ಣಗಾಗುತ್ತೆ. ಸಂಜೆ ಮೆಂತ್ಯಸೊಪ್ಪಿನ ಬೋಂಡ ಮಾಡೋಣ ಅಂತ ಅತ್ತೆಯೇ ಹಿಟ್ಟು ಕಲಸಿದರು. ನಾನು ಹಿತ್ತಿಲಿನಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಒಳಗೆ ಬಂದಾಗ ಅವರು ಒಂದು ಸೀಸೆಯ ಮುಚ್ಚಳ ಹಾಕುತ್ತಿದ್ದರು. "ಚಿಟಿಕೆ ಸೋಡ ಹಾಕಿದೆ ಕಣೆ" ಅಂದರು. ಸೀಸೆ ನೋಡಿದರೆ ಬೋರಿಕ್ ಪುಡಿ! ಜಿರಳೆಗೆಂದು ಗೋಧಿಹಿಟ್ಟು, ಸಕ್ಕರೆಯಲ್ಲಿ ಕಲಸಿ ಉಂಡೆ ಕಟ್ಟಿ ಮೂಲೆಗಿಡಲು ತಂದದ್ದು. ಮಕ್ಕಳು ಕೇರಂ ಬೋರ್ಡಿಗೂ ಅದನ್ನೇ ಉದುರಿಸುತ್ತಾರೆ. ಉಳಿದದ್ದನ್ನು ನಾನು ಅದೇ ಅಚ್ಚಿನ ಸೀಸೆಗೆ ಸುರಿದು, ಚೀಟಿ ಅಂಟಿಸಿ, ಅದೇ ಸಾಲಿನ ತುದಿಗಿಟ್ಟಿದ್ದೆ. ಚೀಟಿ ಇದೆಯಲ್ಲ ಎಂಬ ಧೈರ್ಯ. ಚೀಟಿ ಓದಲು ಕಣ್ಣು ಬೇಕಲ್ಲ!

ಹಿಟ್ಟನ್ನೆಲ್ಲ ಚೆಲ್ಲಿದೆ, ಪಾತ್ರೆ ಮೂರು ಸಲ ತೊಳೆದೆ. ಯಾರ ಬಾಯಿಗೂ ಹೋಗಿರಲಿಲ್ಲ, ದೇವರು ದೊಡ್ಡವನು. ತಪ್ಪು ಪೂರ್ತಿ ನನ್ನದು, ಹಾಗಂತ ಅವತ್ತೇ ಅತ್ತೆಗೆ ಹೇಳಿದೆ. ಅವರು ಕೇಳಿಸಿಕೊಂಡರು ಅಷ್ಟೆ. ಮಾರನೇ ದಿನದಿಂದ ಅಡಿಗೆಮನೆಗೆ ಬರುವುದನ್ನೇ ಬಿಟ್ಟರು. ಬೆಳಿಗ್ಗೆ ಎದ್ದು ಕಾಫಿ ಕುಡಿದು ಹಾಲಿನಲ್ಲಿ ಕುರ್ಚಿ ಮೇಲೆ ಕೂತರೆ ಮಧ್ಯಾಹ್ನ ಊಟಕ್ಕೇ ಏಳುವುದು. ಮೊದಲೆಲ್ಲ ಅಲ್ಲಿ ಕೂತೇ "ಸಾಸಿವೆ ಸೀಯ್ತಾ ಇದೆ, ಉರಿ ತಗ್ಗಿಸು" ಅಂತ ಕೂಗುತ್ತಿದ್ದವರು. ಒಂದು ದಿನ ನಾನು ನಿಜವಾಗಿಯೂ ಒಗ್ಗರಣೆ ಸೀಯಿಸಿದೆ, ಮನೆ ತುಂಬ ಘಾಟು, ಎಲ್ಲರಿಗೂ ಕೆಮ್ಮು. ಅತ್ತೆಯೂ ಕೆಮ್ಮಿದರು. ಏನೂ ಹೇಳಲಿಲ್ಲ. ಅತ್ತೆಯ ಬೈಗುಳ ಬೇಕು ಅಂತ ಸೊಸೆ ಹಂಬಲಿಸಿದ್ದು ಕೇಳಿದ್ದೀರಾ? ನಾನು ಹಂಬಲಿಸಿದೆ.

ಹಳೆಯ ದುಂಡು ಒಗ್ಗರಣೆ ಡಬ್ಬಿ ಇತ್ತಲ್ಲ, ಅದನ್ನೇ ಕೊಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಕೊಟ್ಟೆ. ಅದರಲ್ಲಿ ಏಳು ಬಟ್ಟಲು, ಎಲ್ಲ ಕಾಳು ಬೇಳೆ. ಕಾಳನ್ನು ಅವರ ಬೆರಳೇ ಹೇಳುತ್ತೆ: ಇದು ಜೀರಿಗೆ, ಇದು ಮೆಂತ್ಯ ಅಂತ. ಸಾರಿನಪುಡಿ, ಹುಳಿಪುಡಿಯನ್ನು ಮೂಗು ಹೇಳುತ್ತೆ. ಕಷ್ಟ ಇರುವುದು ವಾಸನೆಯಿಲ್ಲದ ಬಿಳೀ ಪುಡಿಗಳಲ್ಲಿ. ಅವರು ಹೆದರಿದ್ದೂ ಅದಕ್ಕೇ. ಮತ್ತೆ ದುಂಡು ಡಬ್ಬಿಗೆ ಇನ್ನೊಂದು ದೋಷ, ಅದು ತಿರುಗುತ್ತೆ. ನಾನು ಉಪಯೋಗಿಸಿ ಇಟ್ಟರೆ ಬಟ್ಟಲುಗಳ ದಿಕ್ಕೇ ಬದಲು. ಅವರಿಗೆ ಬೇಕಾದದ್ದು ಅಲುಗದ ಜಾಗ. ಆಚೀಚೆ ಸರಿಯದ, ಕೈ ತಗುಲಿದರೆ ಉರುಳದ, ಒಂದರ ಹಿಂದೆ ಒಂದು ಅಡಗದ ಜಾಗ. ಹಾಗೆ ಯೋಚಿಸುತ್ತಾ ಒಂದು ಮಧ್ಯಾಹ್ನ ಕಪಾಟಿನ ಬಾಗಿಲು ತೆಗೆದು ನಿಂತಿದ್ದಾಗ ಕಂಡಿತು, ಬಾಗಿಲಿನ ಒಳಮೈ ಪೂರ್ತಿ ಖಾಲಿ!

ನಮಗೆ ಕಪಾಟು ಮಾಡಿದ ಬಡಗಿಯನ್ನು ಕರೆಸಿದರೆ "ಆಗೋದಿಲ್ಲಮ್ಮ, ಬಾಗಿಲು ಜೋತುಬೀಳುತ್ತೆ" ಅಂದುಬಿಟ್ಟ. ಆತ ಹೇಳಿದ್ದರಲ್ಲೂ ಸತ್ಯವಿತ್ತು, ಮುಂದೆ ಹೇಳುತ್ತೇನೆ. ಆದರೆ ಅಂದು ನನಗೆ ಹಟ ಬಂತು.

ಮೊದಲು ಯಾವ ಬಾಗಿಲು ಅಂತ ಆರಿಸಿಕೊಳ್ಳಿ. ಒಲೆಯ ನೇರ ಮೇಲಿನದು ಬೇಡವೇ ಬೇಡ. ಅಲ್ಲಿ ಶಾಖ, ಆವಿ ಎರಡೂ ಸೇರಿ ಎರಡೇ ತಿಂಗಳಲ್ಲಿ ಪುಡಿಗಳ ಘಮ ಹೋಗುತ್ತೆ, ಮುದ್ದೆಯೂ ಆಗುತ್ತೆ. ನಲ್ಲಿ ತೊಟ್ಟಿಯ ಹತ್ತಿರದ್ದೂ ಬೇಡ. ನಾನು ಆರಿಸಿದ್ದು ಒಲೆಯಿಂದ ಎರಡು ಮೊಳ ದೂರದ ಮೂಲೆ ಕಪಾಟು. ಅದರ ಕೀಲುಗಳು ಗೋಡೆಯ ಕಡೆಗಿವೆ, ತೆರೆದರೆ ಬಾಗಿಲು ಪಕ್ಕದ ಗೋಡೆಗೆ ಒರಗಿ ನಿಲ್ಲುತ್ತೆ. ಇದು ಬಹಳ ಮುಖ್ಯ. ಪಕ್ಕದ ನೋಟ ಇಲ್ಲದವರಿಗೆ ಅರ್ಧ ತೆರೆದ ಬಾಗಿಲಿನ ಅಂಚು ಹಣೆಗೆ ಬಡಿದರೆ ಏನು ಗತಿ? ಮಕ್ಕಳಿರುವ ಮನೆಯಲ್ಲೂ ಅಷ್ಟೆ.

ಇನ್ನು ಅಳತೆ. ನಮ್ಮ ಬಾಗಿಲು 16 ಇಂಚು ಅಗಲ, 24 ಇಂಚು ಎತ್ತರ, ಮುಕ್ಕಾಲು ಇಂಚು ದಪ್ಪ. ಕಪಾಟಿನ ಆಳ 12 ಇಂಚು. ನಿಮ್ಮದು ಬೇರೆ ಇರುತ್ತೆ, ನನ್ನ ಅಳತೆಯನ್ನು ಹಾಗೇ ಇಳಿಸಬೇಡಿ, ಲೆಕ್ಕವನ್ನು ಇಳಿಸಿಕೊಳ್ಳಿ. ಲೆಕ್ಕ ಶುರುವಾಗುವುದು ಸೀಸೆಯಿಂದ. ಮೊದಲು ಸೀಸೆ, ಆಮೇಲೆ ಮರ. ನಮ್ಮ ಸೀಸೆ ಎರಡೂಕಾಲು ಇಂಚು ದಪ್ಪ, 5 ಇಂಚು ಎತ್ತರ. ಹಾಗಾಗಿ ಸ್ಟ್ಯಾಂಡಿನ ಒಳಗಿನ ಆಳ ಎರಡೂವರೆ ಇಂಚು, ಎದುರಿನ ಅಡ್ಡಪಟ್ಟಿ ಸೇರಿ ಎರಡೂಮುಕ್ಕಾಲು. ಇಷ್ಟು ದಪ್ಪ ಬಾಗಿಲ ಜೊತೆ ಒಳಗೆ ಹೋಗಬೇಕಾದರೆ ಕಪಾಟಿನ ಒಳಹಲಗೆಗಳು ಅಷ್ಟು ಹಿಂದೆ ಸರಿಯಲೇಬೇಕು. ನಮ್ಮ ಹಲಗೆಗಳನ್ನು ಬಿಚ್ಚಿ ಮುಂದಿನಿಂದ 3 ಇಂಚು ಕೊಯ್ಯಿಸಿದೆ. 9 ಇಂಚು ಉಳಿಯಿತು, ಡಬ್ಬಿಗಳಿಗೆ ಅಷ್ಟು ಸಾಕು. ಈ ಮಾತು ಯಾರೂ ಮುಂಚೆ ಹೇಳುವುದಿಲ್ಲ. ಸ್ಟ್ಯಾಂಡು ಮಾಡಿಯಾದ ಮೇಲೆ ಬಾಗಿಲು ಮುಚ್ಚುವುದಿಲ್ಲ!

ಅಗಲದಲ್ಲಿ ಇನ್ನೊಂದು ಮೋಸವಿದೆ. ಬಾಗಿಲು 16 ಇಂಚಿದೆ ಅಂತ ಸ್ಟ್ಯಾಂಡನ್ನು 15 ಮಾಡಬೇಡಿ. ಬಾಗಿಲು ನೇರವಾಗಿ ಒಳಗೆ ಹೋಗುವುದಿಲ್ಲ, ತಿರುಗಿಕೊಂಡು ಹೋಗುತ್ತೆ. ಅದರ ಮೂಲೆ ಕಪಾಟಿನ ಪಕ್ಕದ ಹಲಗೆಗೆ ಹೊಡೆಯುತ್ತೆ. ಎರಡೂ ಕಡೆ ಒಂದೂವರೆ ಇಂಚು ಬಿಟ್ಟು 13 ಇಂಚು ಮಾಡಿದೆ. ನಾನೂ ಒಂದೇ ಏಟಿಗೆ ಇದನ್ನೆಲ್ಲ ಕಂಡುಹಿಡಿದವಳಲ್ಲ. ಮರ ಮುಟ್ಟುವ ಮೊದಲು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಅಂಟುಪಟ್ಟಿ ಹಚ್ಚಿ, ಅದೇ ಅಳತೆಯ ಒಂದು ಸುಳ್ಳು ಸ್ಟ್ಯಾಂಡು ಮಾಡಿ ಬಾಗಿಲಿಗೆ ಅಂಟಿಸಿ ನೋಡಿದೆ. ಮೊದಲನೆಯದು ಜಜ್ಜಿ ಹೋಯಿತು, ಎರಡನೆಯದೂ ಹೋಯಿತು, ಮೂರನೆಯದು ನಿಂತಿತು. ರಟ್ಟು ಹಾಳಾದರೆ ನಷ್ಟವೇನು? ನೀವೂ ರಟ್ಟಿನಲ್ಲಿ ಮಾಡಿ ನೋಡಿಯೇ ಮರದ ಅಂಗಡಿಗೆ ಹೋಗಿ.

ಎತ್ತರಕ್ಕೆ ಬಂದರೆ, ಎದುರಿನ ಅಡ್ಡಪಟ್ಟಿ ಸೀಸೆಯ ಸುಮಾರು ಮೂರನೇ ಒಂದು ಭಾಗಕ್ಕೆ ಬರಬೇಕು, ಇಲ್ಲದಿದ್ದರೆ ಬಾಗಿಲು ತೆಗೆದ ರಭಸಕ್ಕೆ ಸೀಸೆ ಹಾರಿ ಬೀಳುತ್ತೆ. ನಾನು ಒಂದೂವರೆ ಇಂಚು ಅಗಲದ ಪಟ್ಟಿ ಕಟ್ಟಿದೆ. ಸೀಸೆಯನ್ನು ಆ ಪಟ್ಟಿ ದಾಟಿಸಿ ಎತ್ತಲು ಮೇಲೂ ಅಷ್ಟೇ ಖಾಲಿ ಬೇಕು. ಹೀಗಾಗಿ 5 ಇಂಚಿನ ಸೀಸೆಗೆ ಒಂದು ಅಂತಸ್ತು ಆರೂವರೆ ಇಂಚು. ಹಲಗೆ ದಪ್ಪ ಸೇರಿ 7. ಮೂರು ಅಂತಸ್ತು, ಒಂದೊಂದರಲ್ಲಿ 5, ಒಟ್ಟು 15 ಸೀಸೆ.

ಮರಕ್ಕೆ ದುಡ್ಡು ಖರ್ಚು ಮಾಡಲಿಲ್ಲ. ಕಪಾಟು ಮಾಡಿಸಿದಾಗ ಉಳಿದಿದ್ದ 12 ಮಿಲಿಮೀಟರಿನ ಪ್ಲೈವುಡ್ ತುಂಡುಗಳು ಮಹಡಿ ಮೇಲೆ ಬಿದ್ದಿದ್ದವು. ನಮ್ಮಂಥ ಮಳೆ ಊರಿನವರು ಕೊಳ್ಳುವುದಾದರೆ ನೀರಿಗೆ ಬಿಡದ ಪ್ಲೈಯನ್ನೇ ಕೇಳಿ ತನ್ನಿ. ಒತ್ತು ಹಲಗೆ ಅಂತ ಮರದ ಹೊಟ್ಟಿನಿಂದ ಮಾಡಿದ್ದು ಸಿಗುತ್ತೆ, ಅಗ್ಗ, ಒಂದೇ ಮಳೆಗಾಲದಲ್ಲಿ ರೊಟ್ಟಿಯ ಹಾಗೆ ಊದಿಕೊಳ್ಳುತ್ತೆ. ಅಳತೆ ಬರೆದುಕೊಟ್ಟು ಮರದ ಅಂಗಡಿಯಲ್ಲೇ ಕೊಯ್ಯಿಸಿಬಿಡಿ, ಕೈಗರಗಸದಲ್ಲಿ ನೇರ ಬರುವುದಿಲ್ಲ. ಎರಡು ನಿಲುಪಟ್ಟಿ, ಮೂರು ಹಲಗೆ, ಮೂರು ಅಡ್ಡಪಟ್ಟಿ, ಅಷ್ಟೇ. ಹಿಂಬದಿಗೆ ಹಲಗೆ ಬೇಕಿಲ್ಲ, ಬಾಗಿಲೇ ಹಿಂಬದಿ. ಅಂಚುಗಳನ್ನು ಮರಳುಕಾಗದದಲ್ಲಿ ಚೆನ್ನಾಗಿ ಉಜ್ಜಿ, ತಡವುವ ಕೈಗೆ ಸಿಬಿರು ಚುಚ್ಚಬಾರದು. ಅಂಟು ಹಚ್ಚಿ, ಸಣ್ಣ ಮೊಳೆ ಹೊಡೆದು, ಹಗ್ಗ ಬಿಗಿದು ಒಂದು ರಾತ್ರಿ ಬಿಟ್ಟೆ. ಬಣ್ಣ, ವಾರ್ನಿಷ್ ಹಚ್ಚಲಿಲ್ಲ, ಮುಚ್ಚಿದ ಕಪಾಟಿನಲ್ಲಿ ಆ ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ. ನಾಲ್ಕು ದಿನ ಬಿಸಿಲಿಗಿಟ್ಟೆ, ಅಷ್ಟೆ.

ಬಾಗಿಲಿಗೆ ಕೂರಿಸಿದ್ದು ಎಲ್ ಆಕಾರದ ನಾಲ್ಕು ಕಬ್ಬಿಣದ ಪಟ್ಟಿಗಳಿಂದ. ಇಲ್ಲಿ ನಾನು ಮಾಡಿದ ಘನಕಾರ್ಯ ಕೇಳಿ. ಮುಕ್ಕಾಲು ಇಂಚಿನ ಬಾಗಿಲಿಗೆ ಒಂದು ಇಂಚಿನ ಸ್ಕ್ರೂ ತಿರುಗಿಸಿದೆ! ತುದಿ ಎರಡು ಕಡೆ ಹೊರಗಿನ ಸನ್ಮೈಕ ಸೀಳಿಕೊಂಡು ಬಂತು. ಸಾಯಂಕಾಲ ನಮ್ಮ ಯಜಮಾನರು ಅದನ್ನು ನೋಡಿ ಏನೂ ಮಾತಾಡದೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಈಗ ಆ ಜಾಗದಲ್ಲಿ ರಂಗೋಲಿಯ ಎರಡು ಸ್ಟಿಕ್ಕರ್ ಇವೆ. ಬಂದವರು ಎಷ್ಟು ಚೆನ್ನಾಗಿದೆ ಅನ್ನುತ್ತಾರೆ. ನೀವು ಅರ್ಧ ಇಂಚಿನ ಸ್ಕ್ರೂ ತನ್ನಿ.

ಬಡಗಿ ಹೇಳಿದ ಮಾತಿನ ಸತ್ಯ ಇದು: ತುಂಬಿದ ಗಾಜಿನ ಸೀಸೆ ಹದಿನೈದು, ಮೇಲೆ ಮರದ ತೂಕ, ಎಲ್ಲ ಸೇರಿ ಐದು ಕಿಲೋ ಹತ್ತಿರ ಬರುತ್ತೆ. ಎರಡು ಕೀಲಿನ ಬಾಗಿಲಿಗೆ ಅದು ಭಾರವೇ. ನಡುವೆ ಮೂರನೇ ಕೀಲು ಹಾಕಿಸಿದೆ. ಆ ಕೆಲಸಕ್ಕೆ ಮಾತ್ರ ಬಡಗಿಯನ್ನೇ ಕರೆದೆ, ಆತನೂ ಬಂದ, ಸ್ಟ್ಯಾಂಡನ್ನು ಅಲ್ಲಾಡಿಸಿ ನೋಡಿ "ಪರವಾಗಿಲ್ಲ" ಅಂದ. ಇಷ್ಟು ವರ್ಷದ ಅನುಭವಿಯಿಂದ ಅದು ದೊಡ್ಡ ಮಾತೇ ಅಂತ ಇಟ್ಟುಕೊಂಡಿದ್ದೇನೆ. ಭಾರದ ಸೀಸೆಗಳನ್ನು ಕೀಲಿನ ಕಡೆಗೆ, ಹಗುರವಾದವನ್ನು ಹಿಡಿಯ ಕಡೆಗೆ ಇಡಿ, ಬಾಗಿಲು ಜಗ್ಗುವುದು ಕಡಿಮೆಯಾಗುತ್ತೆ.

ಬಾಡಿಗೆ ಮನೆಯಲ್ಲಿ ಇರುವವರು ಸ್ಕ್ರೂ ಹೊಡೆಯುವ ಹಾಗಿಲ್ಲ, ಹಲಗೆ ಕೊಯ್ಯಿಸುವ ಹಾಗೂ ಇಲ್ಲ. ಅಂಥವರು ಗೊಂಬೆ ಹಬ್ಬದ ಮೆಟ್ಟಿಲು ನೆನಪು ಮಾಡಿಕೊಳ್ಳಿ. ಅದೇ, ಚಿಕ್ಕದಾಗಿ. ಕಪಾಟಿನೊಳಗೆ ನಾಲ್ಕು ಮೆಟ್ಟಿಲಿನ ಒಂದು ಮರದ ಏಣಿಸಾಲು, ಒಂದೊಂದು ಮೆಟ್ಟಿಲು ಎರಡೂವರೆ ಇಂಚು ಎತ್ತರ, ಮೂರು ಇಂಚಿಗೆ ಸ್ವಲ್ಪ ಕಡಿಮೆ ಅಗಲ. 12 ಇಂಚಿನ ಕಪಾಟಿನಲ್ಲಿ ಸರಿಯಾಗಿ ಕೂರುತ್ತೆ. ಹಿಂದಿನ ಸಾಲಿನ ಸೀಸೆಯ ತಲೆ ಮುಂದಿನದರ ಮೇಲೆ ಕಾಣುತ್ತೆ. ಮನೆ ಬದಲಿಸಿದರೆ ಎತ್ತಿಕೊಂಡು ಹೋಗಬಹುದು. ನವರಾತ್ರಿಯಲ್ಲಿ ಮಗಳ ಪುಟಾಣಿ ಗೊಂಬೆಗಳಿಗೂ ಆಯ್ತು.

ಸೀಸೆ ಯಾವುದು ಅಂತ ಕೇಳಿದ್ದೀರಿ. ಗಾಜೇ ಒಳ್ಳೆಯದು. ಪ್ಲಾಸ್ಟಿಕ್ಕಿಗೆ ಹಿಂಗಿನ ವಾಸನೆ ಹತ್ತಿದರೆ ಅದು ಹೋಗುವುದಿಲ್ಲ. ಗಾಜಿಗೆ ಬೆಳಕು ತಾಕುತ್ತೆ ಎಂಬ ದೋಷವೊಂದಿದೆ, ಬಾಗಿಲ ಹಿಂದೆ ಇಟ್ಟರೆ ಅದೂ ತೀರಿತು. ಬೆಳಕಿನ ವಿಷಯ ಸಣ್ಣದಲ್ಲ. ನಮ್ಮ ಕಡೆ ಏಲಕ್ಕಿ ಬೆಳೆಯುವವರು ಒಣಗಿಸಿದ ಕಾಯನ್ನು ಕಪ್ಪು ಪಾಲಿಥಿನ್ ಒಳಪದರದ ಗೋಣಿಚೀಲದಲ್ಲೇ ತುಂಬುತ್ತಾರೆ. ಬೆಳಕು ಬಿದ್ದರೆ ಹಸಿರು ಬಣ್ಣ ಹೋಗಿ ಬಿಳಿಚಿಕೊಳ್ಳುತ್ತೆ, ಬೆಲೆ ಬೀಳುತ್ತೆ. ಅರಿಶಿನದ ಬಣ್ಣಕ್ಕೂ, ಮೆಣಸಿನಕಾಯಿಯ ಕೆಂಪಿಗೂ ಅದೇ ಗತಿ. ಕಿಟಕಿ ಪಕ್ಕದ ಹಲಗೆ ಮೇಲೆ ಚಂದಕ್ಕೆ ಜೋಡಿಸಿದ ಸೀಸೆಗಳನ್ನು ಪತ್ರಿಕೆಗಳ ಚಿತ್ರಗಳಲ್ಲಿ ನೋಡಿದಾಗೆಲ್ಲ ನನಗೆ ಒಳಗಿರುವ ಅರಿಶಿನದ್ದೇ ಯೋಚನೆ.

ದೊಡ್ಡ ಸೀಸೆ ಬೇಡ. ಪುಡಿ ಮಾಡಿದ ಕೂಡಲೇ ಘಮ ಹಾರಲು ಶುರು, ಇಡಿಯ ಕಾಳಿನಲ್ಲಿ ಅದು ಬಹಳ ದಿನ ಉಳಿಯುತ್ತೆ. ಕಾಳನ್ನು ಬೇಕಾದರೆ ಆರು ತಿಂಗಳಿಗೆ ತಂದಿಡಿ, ಪುಡಿಯನ್ನು ಮಾತ್ರ ತಿಂಗಳಿಗೆ ಸಾಕಾಗುವಷ್ಟೇ ಮಾಡಿ. ಮಿಲ್ಲಿನಲ್ಲಿ ಮಾಡಿಸಿದ ಪುಡಿ ಬಿಸಿ ಇರುತ್ತೆ. ಅದನ್ನು ಕಾಗದದ ಮೇಲೆ ಹರಡಿ ಪೂರ್ತಿ ಆರಿದ ಮೇಲೇ ಸೀಸೆಗೆ ತುಂಬಬೇಕು. ಬಿಸಿಯಲ್ಲೇ ತುಂಬಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತೆ, ಬೂಷ್ಟು ಹಿಡಿದದ್ದನ್ನು ಒಣಗಿಸಿ ಉಪಯೋಗಿಸುವ ಉಳಿತಾಯ ಬೇಡ. ಕುದಿಯುವ ಪಾತ್ರೆಯ ಮೇಲೆ ಸೀಸೆ ಬಗ್ಗಿಸಿ ಪುಡಿ ಸುರಿಯುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ಆವಿ ನೇರ ಸೀಸೆಯೊಳಗೆ ಹೋಗುತ್ತೆ. ಒಣ ಚಮಚದಲ್ಲಿ ತೆಗೆದು ಹಾಕಿ.

ನಮ್ಮ ಸೀಸೆಗಳಿಗೆ ಲೆಕ್ಕವಾಗಿ ಬರುವ ಸಾರಿನಪುಡಿಯ ಅಳತೆ ಇಲ್ಲೇ ಹೇಳಿಬಿಡುತ್ತೇನೆ. ಕೊತ್ತಂಬರಿ ಬೀಜ ಒಂದು ಬಟ್ಟಲು, ಬ್ಯಾಡಗಿ ಮೆಣಸಿನಕಾಯಿ 20, ಜೀರಿಗೆ ಎರಡು ದೊಡ್ಡ ಚಮಚ, ಕರಿಮೆಣಸು ಒಂದು ದೊಡ್ಡ ಚಮಚ, ಮೆಂತ್ಯ ಒಂದು ಸಣ್ಣ ಚಮಚ, ಸಾಸಿವೆ ಒಂದು ಸಣ್ಣ ಚಮಚ, ಕರಿಬೇವು ಎರಡು ಎಸಳು, ಹಿಂಗು ಕಡಲೆಕಾಳಿನಷ್ಟು, ಅರಿಶಿನ ಕಾಲು ಚಮಚ. ಒಂದೊಂದನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ, ಮೆಂತ್ಯ ಕೆಂಪಗಾದರೆ ಸಾಕು, ಕಪ್ಪಾದರೆ ಸಾರು ಕಹಿ. ಕರಿಬೇವು ಗರಿಗರಿಯಾಗಿ ಮುರಿಯಬೇಕು, ಹಸಿ ಉಳಿದರೆ ಪುಡಿ ಕೆಡುತ್ತೆ. ಬ್ಯಾಡಗಿಯದು ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಖಾರ ಬೇಕೆನ್ನುವವರು ನಾಲ್ಕು ಗುಂಟೂರು ಮೆಣಸಿನಕಾಯಿ ಸೇರಿಸಿ. ತಣ್ಣಗಾದ ಮೇಲೆ ಪುಡಿ ಮಾಡಿ.

ಸ್ಟ್ಯಾಂಡು ನಿಂತ ಮೇಲೆ ಹದಿನೈದು ಸೀಸೆಗಳನ್ನೂ ಊಟದ ಮೇಜಿನ ಮೇಲೆ ತಂದು ಸುರಿದೆ. ಅತ್ತೆ ಕುರ್ಚಿಯಲ್ಲಿ ಕೂತಿದ್ದರು. "ಎಲ್ಲಿ ಏನಿಡಲಿ ನೀವೇ ಹೇಳಿ, ನನಗೆ ಗೊತ್ತಾಗ್ತಿಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಸಾಸಿವೆ ನಡುವೆ ಇರಬೇಕು" ಅಂದರು. ಅದು ಅವರ ದುಂಡು ಡಬ್ಬಿಯ ಕ್ರಮ. ನಡುಬಟ್ಟಲಿಗೆ ಸಾಸಿವೆ, ಸುತ್ತ ಉಳಿದದ್ದು. ಹಾಗೇ ಆಗಲಿ ಅಂತ ಕೆಳಸಾಲಿನ ನಡುವೆ ಸಾಸಿವೆ, ಅದರ ಎಡಕ್ಕೆ ಜೀರಿಗೆ, ಮೆಂತ್ಯ, ಬಲಕ್ಕೆ ಉದ್ದಿನಬೇಳೆ, ಕಡಲೆಬೇಳೆ. ಒಗ್ಗರಣೆಯದೆಲ್ಲ ಕೈಯೆತ್ತಿದರೆ ಸಿಗುವ ಎತ್ತರದಲ್ಲಿ. ಎರಡನೇ ಸಾಲು ಪುಡಿಗಳದ್ದು. ಮೇಲಿನ ಸಾಲಿಗೆ ಲವಂಗ, ಚಕ್ಕೆ, ಏಲಕ್ಕಿ, ಗಸಗಸೆ, ಕರಿಮೆಣಸು. ಅದಕ್ಕೆ ಅತ್ತೆ ಕೈ ಹಾಕುವುದು ಅಪರೂಪ. (ಗಸಗಸೆಯನ್ನು ಜಾಸ್ತಿ ತುಂಬಿಡಬೇಡಿ, ಅದರಲ್ಲಿ ಎಣ್ಣೆ ಹೆಚ್ಚು, ಬೇಗ ಕಮಟುತ್ತೆ.)

ಪುಡಿಗಳಿಗೆ ಗುರುತು ಮಾಡಿದ್ದೂ ಅವರೇ. ಸಾರಿನಪುಡಿ ಸೀಸೆಗೆ ಒಂದು ರಬ್ಬರ್ ಬ್ಯಾಂಡ್, ಹುಳಿಪುಡಿಗೆ ಎರಡು, ಧನಿಯಾ ಪುಡಿಗೆ ಮೂರು. ಮೆಣಸಿನಪುಡಿಯ ಮುಚ್ಚಳಕ್ಕೆ ಒರಟು ಬಟ್ಟೆಯ ತುಂಡು ಕಟ್ಟಿದರು, "ಮುಟ್ಟಿದ ತಕ್ಷಣ ಕೈ ಹುಷಾರಾಗಬೇಕು" ಅಂತ. ಅರಿಶಿನಕ್ಕೆ ಏನೂ ಬೇಡವಂತೆ, ಸಾಲಿನ ತುದಿಯಲ್ಲಿ ಬರಿಮೈಯಲ್ಲಿರುವುದು ಅದೊಂದೇ. ಸೋಡ ಈಗ ಆ ಸೀಸೆಯಲ್ಲಿಲ್ಲ. ಅದಕ್ಕೆ ಚೌಕಾಕಾರದ ಒಂದು ತಗಡಿನ ಡಬ್ಬಿ, ಮನೆಯಲ್ಲಿ ಅಂಥ ಡಬ್ಬಿ ಮತ್ತೊಂದಿಲ್ಲ. ಉಪ್ಪು ಪಿಂಗಾಣಿ ಜಾಡಿಯಲ್ಲಿ. ಬೋರಿಕ್ ಪುಡಿ, ಇಲಿ ಪಾಷಾಣ, ಸೋಪಿನಪುಡಿ ಇವ್ಯಾವುವೂ ಅಡಿಗೆಮನೆಯ ಹೊಸಿಲು ದಾಟುವ ಹಾಗಿಲ್ಲ. ಬಚ್ಚಲಮನೆಯ ಅಟ್ಟದ ಮೇಲೆ, ತಂದ ಪೊಟ್ಟಣದಲ್ಲೇ ಇವೆ. ತಿನ್ನುವ ಪದಾರ್ಥದ ಸೀಸೆಗೆ ತಿನ್ನದ್ದನ್ನು ಸುರಿಯುವುದು, ಎಷ್ಟೇ ದೊಡ್ಡ ಚೀಟಿ ಅಂಟಿಸಿದರೂ, ಮಾಡಬೇಡಿ. ಇದೊಂದನ್ನು ನಾನು ಕೈಮುಗಿದು ಕೇಳುತ್ತೇನೆ.

ಅತ್ತೆ ಮಾರನೇ ದಿನವೇ ಬಂದು ಅಡಿಗೆ ಮಾಡಿಬಿಟ್ಟರು ಅಂತ ಬರೆಯಬೇಕೆಂದು ಆಸೆ. ಹಾಗಾಗಲಿಲ್ಲ. ಮೊದಲ ವಾರ ಮಧ್ಯಾಹ್ನ ನಾನು ಮಲಗಿದ್ದಾಗ ಕಪಾಟಿನ ಬಾಗಿಲು ತೆಗೆಯುವ, ಮುಚ್ಚುವ ಸದ್ದು ಕೇಳುತ್ತಿತ್ತು. ಎದ್ದು ಹೋಗಲಿಲ್ಲ. ಒಂದು ದಿನ ಬೆಳಿಗ್ಗೆ ಬಂದು ಒಗ್ಗರಣೆ ಸೌಟು ಕೈಗೆ ತೆಗೆದುಕೊಂಡರು. ಆಮೇಲೆ ದಿನಕ್ಕೊಂದು ಸಾರು ಅವರದು. ಎಣ್ಣೆ ಕಾಯಿಸುವಾಗ ನಾನು ಹತ್ತಿರ ಇರುತ್ತೇನೆ, ಕರಿಯುವ ಕೆಲಸ ಅವರಿಗೆ ಕೊಡುವುದಿಲ್ಲ. ಅದಕ್ಕೆ ಅವರ ಮುನಿಸು ಇದ್ದೇ ಇದೆ.

ಹೋದ ಶುಕ್ರವಾರ ಸೀಸೆಗಳನ್ನು ತೊಳೆದು ಒಣಗಿಸಿ ತುಂಬಿದೆ. ಮಳೆ ಶುರುವಾಗುವ ಮುಂಚೆ ಒಂದು ಸಲ ಹೀಗೆ ಎಲ್ಲವನ್ನೂ ಬಿಸಿಲು ಕಾಣಿಸುವುದು ನಮ್ಮಲ್ಲಿ ರೂಢಿ. ಅವಸರದಲ್ಲಿ ಜೀರಿಗೆಯನ್ನು ಮೆಂತ್ಯದ ಜಾಗದಲ್ಲಿಟ್ಟುಬಿಟ್ಟಿದ್ದೆ. ಅರ್ಧ ಗಂಟೆ ಕಳೆದಿರಲಿಲ್ಲ, ಒಳಗಿನಿಂದ ಬಂತು ಕೂಗು: "ಯಾರೇ ಅದು ಜೀರಿಗೆ ಜಾಗ ಬದಲಾಯಿಸಿದ್ದು? ಐವತ್ತು ವರ್ಷ ಆಯ್ತು ಈ ಮನೇಲಿ, ಒಂದು ಸಾಮಾನು ಇಟ್ಟ ಕಡೆ ಇರೋಲ್ಲ!" ಬಟ್ಟೆ ಮಡಿಸುತ್ತಿದ್ದವಳು ಹಾಗೇ ಬಿಟ್ಟು ಓಡಿದೆ. ಸೀಸೆ ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು, ನಾನು ಬಂದದ್ದು ತಿಳಿದು ಜೀರಿಗೆಯದನ್ನು ಮುಂದೆ ಚಾಚಿದರು, ಸರಿಯಾದ ಜಾಗದಲ್ಲಿ ಇಡು ಅಂತ.